ಲೆಮನ್ ಗ್ರೋವಿನಲ್ಲಿ ಒಂದು ಮಧ್ಯಾಹ್ನ

ಸರಕಾರಿ ಕಚೇರಿಯ ಗುಮಾಸ್ತರಾದ ನಮಗೆ ಅಮೆರಿಕ ಪ್ರವಾಸವೆಂಬುದು ಕನಸಿನ ಮಾತು. ಸ್ಯಾನ್ ಡಿಯಾಗೋದಲ್ಲಿರುವ ಅಕ್ಕ-ಭಾವನವರು ಟಿಕೆಟು ಕಳುಹಿಸದಿದ್ದರೆ ಮುಂಬಯಿಯ ಲೋಕಲ್ ಬಿಟ್ಟು ಬೇರೆ ಬಂಡಿಯನ್ನು ನಾವು ಹತ್ತುತ್ತಿದ್ದೆವೋ ಇಲ್ಲವೋ. ಅಲ್ಲಿಯ ಕಡಲು, ಮೃಗಾಲಯಗಳ ವರ್ಣನೆಯನ್ನು ಬಲ್ಲವರು ಬರೆಯಲಿ. ನಾವು ಹೇಳಹೊರಟಿರುವುದು, ಪಟ್ಟಣದಿಂದ ಟ್ರಾಲಿಯಲ್ಲಿ ಹೋಗಿ ಕಂಡ ಲೆಮನ್ ಗ್ರೋವ್ ಎಂಬ ಸಣ್ಣ ಊರಿನ ಸಂಗತಿ.

ಟ್ರಾಲಿ ಇಳಿದರೆ ಎದುರಿಗೇ ಒಂದು ಭಾರಿ ನಿಂಬೆಹಣ್ಣಿನ ಪ್ರತಿಮೆ. 1928ರಲ್ಲಿ ಮೆರವಣಿಗೆಗೆಂದು ಮಾಡಿದ್ದಂತೆ. ಭೂಮಿಯ ಮೇಲೆ ಇದಕ್ಕಿಂತ ಒಳ್ಳೆಯ ಹವೆ ಇಲ್ಲವೆಂದು ಅಲ್ಲಿ ಬರೆದುಕೊಂಡಿದ್ದಾರೆ. "ಎಷ್ಟು ಭರಣಿ ಉಪ್ಪಿನಕಾಯಿ ಆಗುತ್ತಮ್ಮಾ?" ಎಂದು ನಮ್ಮ ಮಗಳು ತಾಯಿಯನ್ನು ಕೇಳಿದಳು.

ಇಲ್ಲಿಯ ತೋಟಗಳ ದುಡಿಮೆಗೆ ಮೆಕ್ಸಿಕೋದಿಂದ ಬಂದ ಸಂಸಾರಗಳು ನೆಲೆಸಿದ್ದುವು. ಅವರ ಮಕ್ಕಳಲ್ಲಿ ಹೆಚ್ಚಿನವರು ಅಮೆರಿಕದಲ್ಲಿಯೇ ಹುಟ್ಟಿದವರು. ಬಿಳಿಯರ ಮಕ್ಕಳ ಜೊತೆಯಲ್ಲೇ ಓದುತ್ತಿದ್ದರು. 1931ರ ಜನವರಿ 5ರಂದು ಮುಖ್ಯೋಪಾಧ್ಯಾಯರು ಬಾಗಿಲಲ್ಲಿ ನಿಂತು, 75 ಮಕ್ಕಳನ್ನು ಒಳಗೆ ಬಿಡದೆ, ನಿಮ್ಮ ಶಾಲೆ ಇನ್ನು ಅಲ್ಲಿ ಎಂದು ಬೇರೊಂದು ಎರಡು ಕೋಣೆಯ ಕಟ್ಟಡದತ್ತ ಕೈ ತೋರಿಸಿದರು. ಮಕ್ಕಳ ಮನೆಯವರು ಅದನ್ನು ಕರೆದದ್ದು 'ಲಾ ಕಬಯೆರೀಸಾ', ಎಂದರೆ ಕುದುರೆ ಲಾಯ ಎಂದು! ಇಂಗ್ಲಿಷು ಸಾಲದ ಮಕ್ಕಳಿಗೆ ಪ್ರತ್ಯೇಕ ಪಾಠ ಬೇಕೆಂಬುದು ಆಡಳಿತ ಮಂಡಲಿಯ ಸಮಜಾಯಿಷಿ.

ಇದನ್ನು ಓದುವಾಗ ನಮಗೆ ನಮ್ಮದೇ ನೆನಪಾಯಿತು. ಮಗಳು ಶಿಶುವಿಹಾರದಲ್ಲಿದ್ದಾಗ ಅಲ್ಲಿಯ ಬಾಯಿಯವರು ನಮ್ಮನ್ನು ಕರೆಸಿ, ಮನೆಯಲ್ಲಿ ಕನ್ನಡ ನಿಲ್ಲಿಸಿ ಎಂದಿದ್ದರು. ಆಗಲಿ ಎಂದು ತಲೆಯಾಡಿಸಿ ಬಂದೆವು. ಇಂಗ್ಲಿಷು ಬಾರದ ಅಜ್ಜಿಯೊಡನೆ ಮಗು ಮೂರು ತಿಂಗಳು ಮಾತೇ ಆಡಲಿಲ್ಲ. ರಾತ್ರಿ ಕತೆ ನಿಂತಿತು, ಊಟ ಅರ್ಧವಾಯಿತು.

ಲೆಮನ್ ಗ್ರೋವಿನ ತಾಯಿತಂದೆಗಳು ತಲೆಯಾಡಿಸಲಿಲ್ಲ. ದೇಶದಲ್ಲೆಲ್ಲ ಕೆಲಸವಿಲ್ಲದ ಕಾಲ. ಮೆಕ್ಸಿಕೋದವರನ್ನು ಗಡಿಯಾಚೆಗೆ ಸಾಗಹಾಕುತ್ತಿದ್ದ ಕಾಲ. ಆದರೂ ಮಕ್ಕಳನ್ನು ಆ ಲಾಯಕ್ಕೆ ಕಳುಹಿಸದೆ, ನೆರೆಹೊರೆಯವರೆಲ್ಲ ಕೂಡಿ ಸಮಿತಿ ಕಟ್ಟಿದರು. ಮೆಕ್ಸಿಕೋದ ಕಾನ್ಸಲ್ ವಕೀಲರನ್ನು ಗೊತ್ತುಮಾಡಿಕೊಟ್ಟರು. ದಾವೆ ಹೂಡಿದ್ದು 12 ವರ್ಷದ ರಾಬೆರ್ಟೊ ಆಲ್ವಾರೆಜ್ ಎಂಬ ಹುಡುಗನ ಹೆಸರಿನಲ್ಲಿ. ಹುಡುಗ ಓದಿನಲ್ಲಿ ಜಾಣ, ಇಂಗ್ಲಿಷೂ ಚೆನ್ನಾಗಿತ್ತು. ಅಲ್ಲಿಗೆ ಮಂಡಲಿಯ ಸಮಜಾಯಿಷಿ ಅರ್ಧ ಸೋತಂತಾಯಿತು. ಪಾಠದಲ್ಲಿ ಹಿಂದೆ ಬಿದ್ದ ಬಿಳಿ ಮಕ್ಕಳನ್ನೂ ಹೀಗೆಯೇ ಬೇರೆ ಕೂರಿಸುತ್ತೀರಾ ಎಂಬ ಪ್ರಶ್ನೆ ನ್ಯಾಯಾಲಯದಲ್ಲಿ ಬಂತು, ಇಲ್ಲವೆಂದೇ ಹೇಳಬೇಕಾಯಿತು. ನ್ಯಾಯಾಧೀಶ ಕ್ಲಾಡ್ ಚೇಂಬರ್ಸರು ಅದೇ ವರ್ಷ ಮಕ್ಕಳ ಪರ ತೀರ್ಪಿತ್ತರು. ಎಲ್ಲರೂ ಹಳೆಯ ಶಾಲೆಗೇ ಮರಳಿದರು. ಆದರೆ ಆ ತೀರ್ಪು ಆ ಊರಿಗಷ್ಟೇ. ಕ್ಯಾಲಿಫೋರ್ನಿಯದ ಮಿಕ್ಕ ಊರುಗಳ ಮಕ್ಕಳು ಮೆಂಡೆಜ್ ಮೊಕದ್ದಮೆ ಗೆಲ್ಲುವ 1947ರವರೆಗೆ ಕಾಯಬೇಕಾಯಿತು.

ಇಲ್ಲಿಯ ಶಾಲೆಯೊಂದರ ಸಭಾಂಗಣಕ್ಕೆ ಈಗ ಆಲ್ವಾರೆಜರ ಹೆಸರಿದೆ. ಬೇಲಿಯಾಚೆಯಿಂದಲೇ ಆ ಶಾಲೆಯನ್ನು ನೋಡಿದೆವು. ಒಳಗೆ ಮಕ್ಕಳ ಗದ್ದಲ, ಇಂಗ್ಲಿಷೂ ಸ್ಪಾನಿಷೂ ಕಲಸಿ.

ಮಗಳಿಗೆ ಕತೆಯನ್ನೆಲ್ಲ ಹೇಳಿದೆವು. ಅವಳು ಕೇಳಿಸಿಕೊಂಡು, "ನೀವ್ಯಾಕಪ್ಪ ಕಮಿಟಿ ಮಾಡಲಿಲ್ಲ?" ಎಂದಳು.

ಅಷ್ಟರಲ್ಲಿ ಟ್ರಾಲಿ ಬಂತೆಂದು ಭಾವನವರು ಕೂಗಿದರು. ಬದುಕಿದೆವು.