ಪಾವಕನೂ ಕಬ್ಬಿನ ರವದಿಯೂ

ಅಗ್ನಿಗೆ ‘ಪಾವಕ’ನೆಂದು ಹೆಸರು, ಶುದ್ಧಿಗೊಳಿಸುವವನೆಂದು ಅದರರ್ಥ. ಆದರೆ ನಮ್ಮ ಮೇಲವಂಕಿಯ ಸೀಮೆಯಲ್ಲಿ ಕಬ್ಬು ಕಡಿದ ಬಳಿಕ ಹೊಲದಲ್ಲಿಯೇ ರವದಿಗೆ ಬೆಂಕಿಯಿಡುವುದನ್ನು ಕಂಡಾಗ ಆ ಹೆಸರಿನಲ್ಲಿಯೇ ನಮಗೆ ಸಂಶಯ ಹುಟ್ಟುತ್ತದೆ. ಹೊಗೆ ಕೂಸುಗಳ ಎದೆಗೆ. ಭೂಮಿಯ ಸಾರ ಗಾಳಿಗೆ!

100 ಟನ್ನು ಕಬ್ಬಿನಿಂದ ದೊರೆಯುವ ಸುಮಾರು 30 ಟನ್ನು ಸಿಪ್ಪೆಯಾದರೋ ಸಕ್ಕರೆ ಕಾರಖಾನೆಯ ಕುಲುಮೆಯಲ್ಲಿ ಉರಿದು, ಉಗಿಯೆಬ್ಬಿಸಿ, ವಿದ್ಯುತ್ತನ್ನು ಕೊಡುತ್ತದೆ. ಇನ್ನು ಪಟ್ಟಣದ ಕಸಕ್ಕೆಂದು ಹೇಳುವ ‘ಪ್ಲಾಸ್ಮಾ’ ವಿಧಾನವು ಮಿಂಚಿನಂಥ ಜ್ವಾಲೆಯಿಂದ ಕಸವನ್ನು ಇಂಧನವಾಯುವನ್ನಾಗಿಯೂ, ಉಳಿದುದನ್ನು ಗಾಜಿನಂಥ ಕಿಟ್ಟವನ್ನಾಗಿಯೂ ಮಾಡುತ್ತದೆ. ಆದರೆ ಅದು ತಾನೇ ಬಹಳ ವಿದ್ಯುತ್ತನ್ನು ನುಂಗುವುದು. ಕಸ ಹಸಿಯಾಗಿದ್ದರೆ ಶಾಖವೆಲ್ಲ ನೀರನ್ನು ಆರಿಸುವುದಕ್ಕೇ ವ್ಯಯವಾಗುವುದು. ವಾಯುವನ್ನು ಶೋಧಿಸದಿದ್ದರೆ ವಿಷವೇ ಉಳಿಯುವುದು.

ಆದುದರಿಂದ ಗೃಹಸ್ಥರಲ್ಲಿ ನಮ್ಮ ಬಿನ್ನಹವಿಷ್ಟೆ: ಅಡಿಗೆಮನೆಯ ಹಸಿ ಕಸವು ತಿಪ್ಪೆಗೂ, ಸೆಗಣಿಯು ಗೋಬರ ಗ್ಯಾಸಿನ ಗುಂಡಿಗೂ, ರವದಿಯು ಕಬ್ಬಿನ ಸಾಲುಗಳ ನಡುವಿನ ಮಣ್ಣಿಗೂ ಸೇರಲಿ. ಈ ಸುಗ್ಗಿಯಲ್ಲಾದರೂ ಹೊಲಕ್ಕೆ ಕಡ್ಡಿ ಗೀರದಿರೋಣ.