ಪರಕಾಯದಲ್ಲಿ ಸ್ವವೇಷ

ನಟನು ಪರರ ವೇಷವನ್ನು ಧರಿಸುವುದು ಲೋಕರೂಢಿ. ಆದರೆ ತಾನೇ ಬರೆದು, ತಾನೇ ನಿರ್ದೇಶಿಸಿ, ತಾನೇ ನಟಿಸಿ, ಬಹುಕಾಲ ಒಂದೇ ಸ್ವಭಾವದ ಪಾತ್ರವನ್ನು ಜನರ ಕಣ್ಣಿಗೆ ರೂಢಿಮಾಡಿದ ಕಲಾವಿದನು ಆ ವೇಷವನ್ನು ಮತ್ತೊಬ್ಬನಿಗೆ ಒಪ್ಪಿಸಬೇಕಾಗಿ ಬಂದಾಗ ಏನಾಗುವುದೆಂಬುದು ಸರಳವಾದ ಪ್ರಶ್ನೆಯಲ್ಲ. ಚಾರ್ಲಿ ಚಾಪ್ಲಿನ್ನನು ತನ್ನ ಅಲೆಮಾರಿಯ ವೇಷವನ್ನು ಪರರಿಗೆ ಬಿಟ್ಟುಕೊಡಲಿಲ್ಲ. ಅವನ ಟೋಪಿ, ಮೀಸೆ, ಬೆತ್ತ, ನಡಿಗೆಗಳನ್ನು ಅನುಕರಿಸಿ ‘ಚಾರ್ಲಿ ಆಪ್ಲಿನ್’ ಎಂಬ ಹೆಸರನ್ನೂ ಇಟ್ಟುಕೊಂಡಿದ್ದ ಚಾರ್ಲ್ಸ್ ಅಮಡಾರ್ ಎಂಬ ನಟನ ಮೇಲೆ ವ್ಯಾಜ್ಯ ಹೂಡಿದನು. 1928ರಲ್ಲಿ ಕ್ಯಾಲಿಫೋರ್ನಿಯದ ಮೇಲ್ಮನವಿಯ ನ್ಯಾಯಾಲಯವು ಚಾಪ್ಲಿನ್ನನ ಪಕ್ಷವನ್ನೇ ಎತ್ತಿಹಿಡಿಯಿತು. ಅಮೆರಿಕದ ಮತ್ತೊಬ್ಬ ನಿರ್ದೇಶಕನಾದ ವುಡಿ ಆಲನ್ನನ ಸಂಗತಿ ಇದಕ್ಕೆ ವಿಪರೀತವಾದುದು. ಆತನು ತನ್ನ ವೇಷವನ್ನು ತಾನಾಗಿಯೇ ಪರರ ಮೈಗೆ ತೊಡಿಸಿದನು.

1935ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಜನಿಸಿದ ಆಲನ್ನನ ಪಾತ್ರವನ್ನು ವಾಚಕರಲ್ಲಿ ಕೆಲವರಾದರೂ ಬಲ್ಲರು. ಕೃಶವಾದ ಮೈ, ದಪ್ಪ ಕಪ್ಪು ಚೌಕಟ್ಟಿನ ಕನ್ನಡಕ, ತಡವರಿಸುತ್ತಲೇ ಓಡುವ ಮಾತು, ಒಂದೆಡೆ ನಿಲ್ಲದ ಕೈಗಳು. ರೋಗದ ಭೀತಿ, ಮೃತ್ಯುವಿನ ಭೀತಿ, ಪ್ರೇಮದಲ್ಲಿ ಸೋಲು, ಸೋಲನ್ನು ಮರೆಸುವ ಹಾಸ್ಯ. ‘ಆನಿ ಹಾಲ್’ (1977), ‘ಮ್ಯಾನ್‌ಹ್ಯಾಟನ್’ (1979) ಮೊದಲಾದ ಚಿತ್ರಗಳಿಂದ ಈ ಮೂರ್ತಿ ಪ್ರೇಕ್ಷಕರ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತಿತು. ಆದರೆ ಮನುಷ್ಯನಿಗೆ ಮುಪ್ಪು ತಪ್ಪದು, ಪಾತ್ರಕ್ಕೆ ಮುಪ್ಪಿಲ್ಲ. ತರುಣನ ಪ್ರೇಮಕಥೆಯನ್ನು ಬರೆಯುವ ಬುದ್ಧಿ ಮಾಗುತ್ತಿದ್ದರೂ, ಅದನ್ನು ಆಡಿ ತೋರಿಸುವ ದೇಹ ಹಿಂದೆ ಬೀಳುತ್ತದೆ. ಅರುವತ್ತರ ಸಮೀಪಕ್ಕೆ ಬಂದ ಆಲನ್ನನು ‘ಬುಲೆಟ್ಸ್ ಓವರ್ ಬ್ರಾಡ್‌ವೇ’ (1994) ಚಿತ್ರದ ತರುಣ ನಾಟಕಕಾರನ ಪಾತ್ರವನ್ನು ಜಾನ್ ಕ್ಯುಸಾಕ್‌ಗೆ ಕೊಟ್ಟನು. ಆಮೇಲೆ ಇಂಥವರು ಒಬ್ಬರಾದ ಮೇಲೊಬ್ಬರು ಬಂದರು.

ಇಲ್ಲಿ ನಮ್ಮ ಆಲಂಕಾರಿಕರ ಒಂದು ಹಳೆಯ ವಾದವು ಸ್ಮರಣೆಗೆ ಬರುವುದು ಸಹಜ. ನಟನು ರಾಮಾದಿಗಳ ಸ್ಥಾಯಿಭಾವವನ್ನು ಅನುಕರಿಸುತ್ತಾನೆ, ಆ ಅನುಕರಣವೇ ರಸವೆನಿಸುವುದೆಂದು ಶ್ರೀಶಂಕುಕನ ಮತ. ಅಭಿನವಗುಪ್ತನ ಗುರುವಾದ ಭಟ್ಟತೌತನು ಇದನ್ನೊಪ್ಪಲಿಲ್ಲ. ಮೂಲವನ್ನು ಕಂಡವನು ಮಾತ್ರವೇ ಅನುಕರಣವನ್ನು ಅನುಕರಣವೆಂದು ತಿಳಿಯಬಲ್ಲನು. ರಾಮನನ್ನು ಕಣ್ಣಾರೆ ಕಂಡವರು ಯಾರಿದ್ದಾರೆ? ಇದು ಆತನ ಆಕ್ಷೇಪ. ಆಲನ್ನನ ವಿಷಯದಲ್ಲಾದರೋ ಮೂಲವನ್ನು ಎಲ್ಲರೂ ಕಂಡಿದ್ದಾರೆ. ಶಂಕುಕನು ಬಯಸಿದ ಅನುಕರಣಕ್ಕೆ ಇದಕ್ಕಿಂತ ಅನುಕೂಲವಾದ ಸಂದರ್ಭವಿರದು. ಹಾಗಿದ್ದರೂ ಅದರಿಂದ ರಸ ಹುಟ್ಟಿತೇ?

‘ಸೆಲೆಬ್ರಿಟಿ’ (1998) ಚಿತ್ರದಲ್ಲಿ ಪತ್ರಿಕಾಲೇಖಕನ ಪಾತ್ರವನ್ನು ವಹಿಸಿದವನು ಕೆನೆತ್ ಬ್ರಾನಾ. ಶೇಕ್ಸ್‌ಪಿಯರನ ಐದನೆಯ ಹೆನ್ರಿಯನ್ನೂ ಹ್ಯಾಮ್ಲೆಟ್ಟನನ್ನೂ ತೆರೆಗೆ ತಂದು ಕೀರ್ತಿವಂತನಾದ ಸಮರ್ಥ ನಟ. ಆತನು ಆಲನ್ನನ ತಡವರಿಕೆಯನ್ನೂ ಕೈಬೀಸುಗಳನ್ನೂ ಚಾಚೂ ತಪ್ಪದೆ ಅನುಸರಿಸಿದನು. ಅನೇಕ ವಿಮರ್ಶಕರು ಅದನ್ನೇ ದೋಷವೆಂದರು. ಪ್ರೇಕ್ಷಕನ ಮನಸ್ಸು ಪಾತ್ರದ ಸಂಕಟವನ್ನು ಬಿಟ್ಟು ಹೋಲಿಕೆಯ ಲೆಕ್ಕದಲ್ಲಿ ತೊಡಗಿತು. ಪರರ ಚೇಷ್ಟೆಗಳ ಅನುಕರಣದಿಂದ ಹುಟ್ಟುವುದು ಹಾಸವೆಂದು ಭರತಮುನಿಯು ಹೇಳಿರುವುದು ಇಲ್ಲಿ ಸಾರ್ಥಕವಾಯಿತು. ಆದರೆ ಆ ನಗೆ ಕಥೆಯಿಂದ ಹುಟ್ಟಿದುದಲ್ಲ, ವೇಷದಿಂದ ಹುಟ್ಟಿದುದು.

‘ಮಿಡ್‌ನೈಟ್ ಇನ್ ಪ್ಯಾರಿಸ್’ (2011) ಚಿತ್ರದಲ್ಲಿ ಓವನ್ ವಿಲ್ಸನ್ನನ ರೀತಿ ಬೇರೆ. ಟೆಕ್ಸಸ್ ಪ್ರಾಂತದ ಈ ನಟನದು ಎಳೆದೆಳೆದು ಆಡುವ ಮಾತು, ನಿಶ್ಚಿಂತವಾದ ಮುಖ. ಆಲನ್ನನು ಮೊದಲು ಪೂರ್ವತೀರದ ಪಂಡಿತನಾಗಿ ಬರೆದಿದ್ದ ಪಾತ್ರವನ್ನು, ಈ ನಟನಿಗೆ ಹೊಂದುವಂತೆ ಪಶ್ಚಿಮತೀರದ ಚಿತ್ರಕಥಾಲೇಖಕನನ್ನಾಗಿ ತಿದ್ದಿ ಬರೆದನು. ಗತಕಾಲದ ಹಂಬಲ, ವರ್ತಮಾನದ ಅತೃಪ್ತಿ ಇವು ಆಲನ್ನನವೇ. ಉಸಿರು ಮಾತ್ರ ವಿಲ್ಸನ್ನನದು. ಆ ಚಿತ್ರಕಥೆಗೆ ಅಕಾಡೆಮಿ ಪ್ರಶಸ್ತಿಯೂ ದೊರೆಯಿತು.

ಇನ್ನೊಂದು ಸಂಗತಿ ಇದಕ್ಕಿಂತಲೂ ವಿಚಾರಾರ್ಹವಾದುದು. ‘ವಾಟೆವರ್ ವರ್ಕ್ಸ್’ (2009) ಚಿತ್ರದ ಸಿಡುಕು ಮುದುಕನಾಗಿ ಲ್ಯಾರಿ ಡೇವಿಡ್ ನಟಿಸಿದಾಗ, ಇವನೂ ಆಲನ್ನನ ಪ್ರತಿಬಿಂಬವೇ ಎಂದು ಜನ ಭಾವಿಸಿದರು. ವಾಸ್ತವವಾಗಿ ಆ ಕಥೆಯನ್ನು ಆಲನ್ನನು ಮೂರು ದಶಕಗಳ ಹಿಂದೆ ಜೀರೋ ಮಾಸ್ಟೆಲ್ ಎಂಬ ಸ್ಥೂಲಕಾಯದ ಹಾಸ್ಯನಟನಿಗಾಗಿ ಬರೆದಿದ್ದನು. 1977ರಲ್ಲಿ ಆ ನಟನು ತೀರಿಕೊಂಡದ್ದರಿಂದ ಅದನ್ನು ಬದಿಗಿಟ್ಟಿದ್ದನು. ತಾನು ಧರಿಸಲೆಂದು ಹೊಲಿಯದ ಅಂಗಿಯೂ ಅವನದೇ ಎನಿಸಿಕೊಂಡಿತು! ವೇಷವನ್ನು ನಟನಷ್ಟೇ ಧರಿಸುವುದಿಲ್ಲ, ಪ್ರೇಕ್ಷಕನೂ ತೊಡಿಸುತ್ತಾನೆ ಎಂಬುದಕ್ಕೆ ಇದೇ ನಿದರ್ಶನ.

ಪಾಠಶಾಲೆಗಳಲ್ಲಿ ಗುರುವಿನ ಪಾಠದೊಡನೆ ಅವರ ಕೆಮ್ಮನ್ನೂ ಕಲಿತ ಶಿಷ್ಯರುಂಟು. ಅವರನ್ನು ಕಂಡಾಗ ಗುರುವಿನ ನೆನಪಾಗುವುದು ನಿಜ. ಗುರುವಿನ ವಿದ್ಯೆ ಅಲ್ಲಿದೆಯೆಂದು ಹೇಳಲಾಗದು. ತನ್ನ ಕಂಠದಿಂದಲೇ ಶಾಸ್ತ್ರಾರ್ಥವನ್ನು ಬೇರೆ ಬಗೆಯಲ್ಲಿ ಬಿಡಿಸಿ ಹೇಳುವ ಶಿಷ್ಯನಲ್ಲಿ ಮಾತ್ರವೇ ಆ ವಿದ್ಯೆ ಬದುಕುತ್ತದೆ. ಚೇಷ್ಟೆಯನ್ನು ಕಣ್ಣಿನಿಂದ ಕಲಿಯಬಹುದು. ಭಾವವು ಹಾಗಲ್ಲ, ಅದು ಪ್ರತಿಯೊಬ್ಬನ ಹೃದಯದಲ್ಲಿ ಹೊಸದಾಗಿ ಹುಟ್ಟಬೇಕು. ಇದನ್ನು ಬಯಸುವ ಗುರುವು ತನ್ನ ಗುರುತು ಅಳಿಸಿಹೋಗುವುದನ್ನು ಸಹಿಸತಕ್ಕದ್ದು. ಅದೇನೂ ಸುಲಭವಲ್ಲ.

ಆಲನ್ನನಿಗೂ ಅದು ಸುಲಭವಾಗಿ ತೋರಲಿಲ್ಲ. ಎಂಬತ್ತನೆಯ ವಯಸ್ಸಿನಲ್ಲಿ, ‘ಕೆಫೆ ಸೊಸೈಟಿ’ (2016) ಚಿತ್ರದ ತರುಣ ನಾಯಕನ ವೇಷವನ್ನು ಜೆಸ್ಸಿ ಐಸನ್‌ಬರ್ಗ್‌ಗೆ ಒಪ್ಪಿಸಿದನು. ಆದರೆ ಕಥೆಯನ್ನು ನಿರೂಪಿಸುವ ದನಿಯನ್ನು ಮಾತ್ರ ತನ್ನ ಬಳಿಯಲ್ಲೇ ಉಳಿಸಿಕೊಂಡನು. ಆ ಮುದಿದನಿಯು ತೆರೆಯ ಮೇಲಿನ ತಾರುಣ್ಯದೊಡನೆ ಚಿತ್ರದುದ್ದಕ್ಕೂ ಸಾಗುತ್ತದೆ. ಕೊಟ್ಟುದನ್ನು ಪೂರ್ತಿಯಾಗಿ ಬಿಟ್ಟು ದೂರ ನಿಲ್ಲುವುದು ಕಲಾವಿದನಿಗೆ ಎಷ್ಟು ಕಷ್ಟವೆಂಬುದನ್ನು ಸಹೃದಯರು ಅಲ್ಲಿ ಕೇಳಬಹುದು.