ಕೆಳಗಿನಿಂದ ಮೇಲಕ್ಕೆ

ಹಾಸನದಿಂದ ಹೊರಟು ದೊಡ್ಡಗದ್ದವಳ್ಳಿ, ಬೇಲೂರು, ಹಳೇಬೀಡು, ಶ್ರವಣಬೆಳಗೊಳ ನೋಡಿ ಸಂಜೆಗೆ ಮನೆ ಸೇರಬೇಕು. ನಾಲ್ಕೇ ಊರು, ಆದರೆ ಯಾವುದು ಮೊದಲು? 24 ಬಗೆಯಲ್ಲಿ ಹೋಗಬಹುದೆಂದು ಮೊಮ್ಮಗಳು ಬರೆದೇ ತೋರಿಸಿದಳು. ಊರು ಹತ್ತಾದರೆ 36,28,800 ಬಗೆ! (ಅಷ್ಟನ್ನೂ ಬರೆದು ಮುಗಿಸುವಷ್ಟರಲ್ಲಿ ಅವಳೂ ಅಜ್ಜಿಯಾಗಿರುತ್ತಾಳೆ.)

ದೊಡ್ಡಗದ್ದವಳ್ಳಿ ಬೇಲೂರಿನ ದಾರಿಯಲ್ಲೇ ಸಿಗುತ್ತದೆ. ಬೇಲೂರಿನಿಂದ ಹಳೇಬೀಡಿಗೆ ಬರೀ 16 ಕಿಲೋಮೀಟರ್. ಇವೆರಡರ ನಡುವೆ ಬೆಳಗೊಳವನ್ನು ತುರುಕಿದರೆ ಪೆಟ್ರೋಲ್ ದಂಡ. ಹೀಗೆ ಒಂದೊಂದನ್ನೇ ಹೊಡೆದುಹಾಕಿ, ಬೆಳಗೊಳವನ್ನು ಕೊನೆಗಿಟ್ಟಳು.

ಪಟ್ಟಿ ನೋಡಿ ನನ್ನಾಕೆಯ ಮುಖ ಸಣ್ಣಗಾಯಿತು. "ಅಲ್ಲಿಗೆ ಹೋಗೋ ಹೊತ್ತಿಗೆ ಬಿಸಿಲೇರಿರುತ್ತೆ ಪುಟ್ಟಿ. ಬರಿಗಾಲಲ್ಲಿ ಕಾದ ಬಂಡೆ ಹತ್ತೋಕೆ ನನ್ನಿಂದಾಗಲ್ಲ. ನೀವು ಹೋಗಿಬನ್ನಿ, ನಾನು ಕೆಳಗೇ ಕೂತಿರ್ತೀನಿ." ಆರುನೂರಕ್ಕೂ ಹೆಚ್ಚು ಮೆಟ್ಟಿಲು. ಗೊಮ್ಮಟನನ್ನು ನೋಡಬೇಕೆಂದು ಪ್ರವಾಸದ ಮಾತೆತ್ತಿದವಳೇ ಅವಳು.

ಪುಟ್ಟಿ ಪೆನ್ಸಿಲ್ ಕಚ್ಚುತ್ತಾ ಕೂತಳು. ಆಮೇಲೆ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದಿದಳು: ಬೆಳಗೊಳ, ಹಳೇಬೀಡು, ಬೇಲೂರು, ದೊಡ್ಡಗದ್ದವಳ್ಳಿ, ಮನೆ. ಸುತ್ತುದಾರಿ ತಾನೇ, ಯಾವ ಕಡೆಯಿಂದ ಸುತ್ತಿದರೂ ಅಷ್ಟೇ ದೂರ! ಬರೆದದ್ದು 24 ಆದರೂ ಅಳೆಯಬೇಕಾದದ್ದು 12 ಮಾತ್ರ.

ನಸುಕಿಗೇ ಹೊರಟೆವು. ಹತ್ತುವಾಗ ಬಂಡೆ ಇನ್ನೂ ತಣ್ಣಗಿತ್ತು. ಅಜ್ಜಿ ಮೊಮ್ಮಗಳ ಕೈ ಹಿಡಿದು, ಅಲ್ಲಲ್ಲಿ ಕೂತು, ಮತ್ತೆ ಎದ್ದು ಹತ್ತಿದಳು. ಒಂದೇ ಬಂಡೆಯಲ್ಲಿ ಕಡೆದ ಆ ಮೂರ್ತಿಯ ಪಾದದೆದುರು ಬಹಳ ಹೊತ್ತು ಮಾತಿಲ್ಲದೆ ನಿಂತಳು. ಹಳೇಬೀಡಿಗೆ ತಡವಾಯಿತೆಂದು ಯಾರೂ ನೆನಪಿಸಲಿಲ್ಲ.